ಆನೆ ಮುದ್ರೆಯ ನಾಣ್ಯ

ಯಲಬುರ್ಗಾ
14 ಜುಲೈ 2023

ಗಂಗಾವತಿಯ ಕಳಕಪ್ಪ ಪತ್ತಾರ ಅವರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ಪಾರ್ಸಲಿನ ಮೇಲೆ ಕಳಿಸಿದವರ ಹೆಸರು, ಅಂಗಡಿಯ ವಿಳಾಸ ಇತ್ತು. ಅದನ್ನು ನೋಡಿ ಬರೆಯುತ್ತಿದ್ದೇನೆ. ಆನ್‌ಲೈನ್ ಹರಾಜಿನಲ್ಲಿ ನೀವು ಮಾರಿದ ವಿಜಯನಗರ ಕಾಲದ ಬೆಳ್ಳಿ ನಾಣ್ಯವನ್ನು ಕೊಂಡವರು ನಾವು. ನಾವು ಎಂದರೆ ಕುಷ್ಟಗಿ ರಸ್ತೆಯಲ್ಲಿರುವ ಒಂದು ಸರಕಾರಿ ಪ್ರೌಢಶಾಲೆ. ನಾನು ಅಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ.

ಶಾಲೆಯ ಒಂದು ಕೋಣೆಯಲ್ಲಿ ಇತಿಹಾಸದ ಮೂಲೆ ಮಾಡಿದ್ದೇವೆ. ಇಷ್ಟು ದಿನ ಅಲ್ಲಿ ಒಂದು ಬೀಸುವ ಕಲ್ಲು, ಹಿಡಿಯಿಲ್ಲದ ಕತ್ತಿ, ನಿಜಾಮನ ಕಾಲದ ಎರಡು ಕಂದಾಯದ ರಸೀದಿ ಮಾತ್ರ ಇದ್ದವು. ಈ ವರ್ಷ ಹಳೆಯ ವಿದ್ಯಾರ್ಥಿಗಳು ವಂತಿಗೆ ಕೂಡಿಸಿ ಹದಿನಾರು ಸಾವಿರ ಕೊಟ್ಟರು. ಹರಾಜಿನ ದಿನ ಊಟದ ಬಿಡುವಿನಲ್ಲಿ ಒಂಬತ್ತನೇ ತರಗತಿಯ ಎಲ್ಲರೂ ಕಂಪ್ಯೂಟರಿನ ಸುತ್ತ ನಿಂತಿದ್ದರು. ನಾವು ಬೆಲೆ ಹಾಕಿದಷ್ಟೂ ಯಾರೋ ಒಬ್ಬರು ಅದರ ಮೇಲೆ ಏರಿಸುತ್ತಲೇ ಇದ್ದರು. ನಮ್ಮ ಹತ್ತಿರ ಇದ್ದದ್ದು ಮುಗಿಯುವ ಹೊತ್ತಿಗೆ ಅವರು ಕೈಬಿಟ್ಟರು. ಮಕ್ಕಳ ಚಪ್ಪಾಳೆ ಕೇಳಿ ಮುಖ್ಯಗುರುಗಳು ಗಾಬರಿಯಿಂದ ಓಡಿ ಬಂದರು.

ನಮ್ಮ ಸಿಪಾಯಿ ರಫೀಕ ಹಳೆಯ ಗಡಿಯಾರದ ಪೆಟ್ಟಿಗೆಗೆ ಗಾಜು ಕೂಡಿಸಿ, ಕೆಂಪು ಮಖಮಲ್ಲು ಹಾಸಿ, ಬೀಗ ಹಾಕಿಕೊಟ್ಟಿದ್ದಾನೆ. ಒಂದು ಕೀಲಿಕೈ ನನ್ನ ಹತ್ತಿರ, ಇನ್ನೊಂದು ಅವನ ಹತ್ತಿರ. ಒಳಗಿಡುವ ಮೊದಲು ಮಕ್ಕಳೆಲ್ಲ ನಾಣ್ಯವನ್ನು ಹಾಳೆಯ ಕೆಳಗಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. "ಅಕ್ಕಾರ, ಇದನ್ನ ಮಾಡಿದಾವ ಭಾಳ ಶಾಣ್ಯಾ ಇದ್ದ ನೋಡ್ರಿ, ಆನಿ ಕಣ್ಣಿಗೆ ರೆಪ್ಪಿ ಸೈತ ಇಟ್ಟಾನ," ಎಂದು ಒಬ್ಬಳು ಹೇಳಿದಳು.

ಹರಾಜಿನ ಪುಟದಲ್ಲಿ 'ಮನೆತನದ ಸಂಗ್ರಹದಿಂದ' ಎಂದಷ್ಟೇ ಇದೆ. ಇದು ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು ಎಂದು ನಾಲ್ಕು ಸಾಲು ಬರೆದರೆ ಪೆಟ್ಟಿಗೆಯ ಪಕ್ಕ ಹಚ್ಚುತ್ತೇವೆ.

ಉತ್ತರದ ದಾರಿ ನೋಡುವ,
ರೇಣುಕಮ್ಮ

———

ಗಂಗಾವತಿ
9 ಆಗಸ್ಟ್ 2023

ಅಕ್ಕಾವರಿಗೆ ಕಳಕಪ್ಪನ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಕ್ಷಮೆ ಇರಲಿ. ನಾನು ಓದಿದ್ದು ಏಳನೆಯ ಇಯತ್ತೆ. ಅಕ್ಕಸಾಲಿಗರಿಗೆ ಅಚ್ಚು ಕೆತ್ತಿಕೊಡುವುದು ನನ್ನ ಕಸುಬು. ಪದಕ, ತಾಯಿತ, ದೇವರ ಮುಖ, ಹೀಗೆ. ನಾಲ್ವತ್ತು ವರ್ಷ ಸುತ್ತಿಗೆ ಬಡಿದು ಕಿವಿ ಮಂದವಾಗಿವೆ. ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಆದ್ದರಿಂದ ಕಾಗದವೇ ವಾಸಿ. ಆನ್‌ಲೈನ್ ವ್ಯವಹಾರವೆಲ್ಲ ನನ್ನ ಮಗ ಗೌರೀಶನದು.

ನೀವು ಕೇಳಿದ್ದು ಬರೆಯುತ್ತೇನೆ. ನಾಣ್ಯ ಸಿಕ್ಕಿದ್ದು ನನ್ನ ತಂದೆಗೆ. ಹನುಮನಹಳ್ಳಿಯಲ್ಲಿ ಒಬ್ಬರ ಹೊಲದಲ್ಲಿ ಬದು ಹಾಕುವಾಗ ಗುದ್ದಲಿಗೆ ಒಂದು ಮಣ್ಣಿನ ಕುಡಿಕೆ ತಾಗಿತಂತೆ. ಒಳಗೆ ಇದೊಂದೇ ಇತ್ತಂತೆ. ತಂದೆ ಅದನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡು, ಅಮಾವಾಸ್ಯೆಗೊಮ್ಮೆ ತೆಗೆದು ನೋಡುತ್ತಿದ್ದರು. ಇಷ್ಟೇ ನನಗೆ ಗೊತ್ತು.

ರೆಪ್ಪೆಯನ್ನು ಗುರುತಿಸಿದ ಹುಡುಗಿಗೆ ನನ್ನ ಆಶೀರ್ವಾದ ತಿಳಿಸಿ.

ನಿಮ್ಮ
ಕಳಕಪ್ಪ ಪತ್ತಾರ

———

ಯಲಬುರ್ಗಾ
20 ನವೆಂಬರ್ 2023

ಕಳಕಪ್ಪನವರಿಗೆ ನಮಸ್ಕಾರ.

ನಿಮ್ಮ ತಂದೆಯ ಕಥೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಹಚ್ಚಿದೆವು. ಆದರೆ ಅದನ್ನು ಯಾರೂ ಓದುವುದಿಲ್ಲ, ಏಕೆಂದರೆ ರಫೀಕ ಓದಲು ಬಿಡುವುದಿಲ್ಲ, ಬಾಯಿಂದಲೇ ಹೇಳುತ್ತಾನೆ. ಗುದ್ದಲಿ ಕುಡಿಕೆಗೆ ತಾಗಿದ ಸದ್ದನ್ನು ನಾಲಿಗೆಯಿಂದ ಮಾಡಿ ತೋರಿಸುತ್ತಾನೆ. ಸುತ್ತಲಿನ ಪ್ರಾಥಮಿಕ ಶಾಲೆಗಳಿಂದ ಮಕ್ಕಳನ್ನು ಕರೆತರುತ್ತಾರೆ. ಅವರೆಲ್ಲ ಮೊದಲು ಕೇಳುವುದು "ರಫೀಕ ಕಾಕಾ ಎಲ್ಲದಾನ್ರಿ?" ಎಂದು. ಗುತ್ತಿಗೆಯ ಮೇಲೆ ಹನ್ನೊಂದು ವರ್ಷದಿಂದ ಗಂಟೆ ಬಾರಿಸಿ, ನೀರು ತುಂಬುತ್ತಿದ್ದ ಮನುಷ್ಯ. ಈಗ ಅಂಗಿಗೆ ಇಸ್ತ್ರಿ ಹಾಕಿಕೊಂಡು ಬರುತ್ತಾನೆ.

ಇನ್ನೊಂದು ಸಂತೋಷದ ಸಂಗತಿ. ಜನವರಿಯಲ್ಲಿ ಕೊಪ್ಪಳದಲ್ಲಿ ಶಾಲಾ ವಸ್ತುಪ್ರದರ್ಶನವಿದೆ. ನಾಣ್ಯಗಳನ್ನು ಬಲ್ಲ ಹಿರಿಯರೊಬ್ಬರು ಧಾರವಾಡದಿಂದ ಬರುತ್ತಾರೆ. ನಮ್ಮ ನಾಣ್ಯವನ್ನು ಅವರಿಗೆ ತೋರಿಸಬೇಕೆಂದಿದ್ದೇವೆ. ಬಿಡುವಾದರೆ ನೀವೂ ಬನ್ನಿ. ಮಕ್ಕಳು ನಿಮ್ಮನ್ನು ನೋಡಬೇಕು ಎನ್ನುತ್ತಾರೆ.

ರೇಣುಕಮ್ಮ

———

ಗಂಗಾವತಿ
2 ಡಿಸೆಂಬರ್ 2023

ಅಕ್ಕಾವರಿಗೆ,

ನಾಣ್ಯವನ್ನು ಊರಿಂದೂರಿಗೆ ಒಯ್ಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹಳೆಯ ವಸ್ತು, ಗಾಳಿ ತಾಗಿದರೆ ಕೆಡುತ್ತದೆ. ಗದ್ದಲದಲ್ಲಿ ಕಳೆಯಲೂಬಹುದು. ಶಾಲೆಯ ಮಕ್ಕಳು ನೋಡಿದರೆ ಸಾಕಲ್ಲವೇ? ದೊಡ್ಡವರಿಗೆ ತೋರಿಸಿ ಆಗಬೇಕಾದದ್ದೇನು? ನನಗೆ ಬರಲು ಆಗುವುದಿಲ್ಲ, ಮೊಣಕಾಲು ನೋವು.

ದಯವಿಟ್ಟು ಒಯ್ಯಬೇಡಿ.

ಕಳಕಪ್ಪ

———

ಯಲಬುರ್ಗಾ
23 ಜನವರಿ 2024

ಕಳಕಪ್ಪನವರಿಗೆ,

ನಿಮ್ಮ ಮಾತು ಕೇಳಿದ್ದರೆ ಚೆನ್ನಾಗಿತ್ತು.

ಧಾರವಾಡದ ಹಿರಿಯರು ಭೂತಗನ್ನಡಿ ಹಿಡಿದು ಎರಡು ನಿಮಿಷ ನೋಡಿದರು. ಪಾಪ, ಮಕ್ಕಳ ಮುಂದೆ ಹೇಳಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದರು. ಇದು ಹೊಸ ನಾಣ್ಯವಂತೆ, ಒಂದೆರಡು ವರ್ಷದ ಒಳಗಿನದು. ಕಪ್ಪು ಬರಲೆಂದು ಗಂಧಕದ ಹೊಗೆ ಹಿಡಿಸಿದ್ದಾರಂತೆ. ಕೆತ್ತಿದವನ ಕೈ ಮಾತ್ರ ಬಹಳ ಒಳ್ಳೆಯದು ಎಂದರು.

ಮರುದಿನ ಶಾಲಾ ಸಮಿತಿ ಸೇರಿತು. ಹರಾಜಿನ ಪುಟವನ್ನು ಆಗಲೇ ಮುದ್ರಿಸಿ ಇಟ್ಟಿದ್ದೆವು. ಅದರಲ್ಲಿದ್ದ ಚಿತ್ರವನ್ನೂ ಪೆಟ್ಟಿಗೆಯಲ್ಲಿದ್ದ ನಾಣ್ಯವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಚಿತ್ರದಲ್ಲಿ ಆನೆಯ ಬಾಲ ಅಂಚಿಗೆ ತಾಗಿದೆ. ನಾಣ್ಯದಲ್ಲಿ ತಾಗಿಲ್ಲ. ಅಂದರೆ ನೀವು ಕಳಿಸಿದ ನಾಣ್ಯ ಇದಲ್ಲ. ನಡುವೆ ಯಾರೋ ಅಸಲಿ ತೆಗೆದುಕೊಂಡು ನಕಲಿ ಇಟ್ಟಿದ್ದಾರೆ.

"ಕೀಲಿಕೈ ಯಾರ ಹತ್ರ ಇರ್ತಿತ್ರಿ?" ಎಂದು ಅಧ್ಯಕ್ಷರು ಕೇಳಿದರು. "ನನ್ನ ಹತ್ರ, ರಫೀಕನ ಹತ್ರ," ಎಂದೆ. ಆಮೇಲೆ ಯಾರೂ ನನ್ನ ಕಡೆ ನೋಡಲಿಲ್ಲ. ಪ್ರದರ್ಶನದ ಹಿಂದಿನ ಸಂಜೆ ಪೆಟ್ಟಿಗೆಯನ್ನು ರಫೀಕ ಮನೆಗೆ ಒಯ್ದಿದ್ದ. ಬೆಳಿಗ್ಗೆ ಮೊದಲ ಬಸ್ಸು ಹಿಡಿಯಬೇಕಿತ್ತು. ಒಯ್ಯಲು ಹೇಳಿದವಳು ನಾನೇ.

ಸಮಿತಿಯವರು ನಿಮ್ಮಿಂದ ಒಂದು ಬರಹ ಬೇಕೆನ್ನುತ್ತಿದ್ದಾರೆ: ಚಿತ್ರದಲ್ಲಿರುವ ನಾಣ್ಯವನ್ನೇ ಕಳಿಸಿದ್ದೆ, ಅದು ಅಸಲಿ ಎಂದು. ನಿಮಗೆ ತೊಂದರೆ ಕೊಡುತ್ತಿರುವುದಕ್ಕೆ ನಾಚಿಕೆಯಾಗುತ್ತದೆ. ನಿಮ್ಮ ತಂದೆಯವರ ವಸ್ತುವನ್ನು ನಾವು ಕಾಪಾಡಲಿಲ್ಲ.

ರೇಣುಕಮ್ಮ

———

ಗಂಗಾವತಿ
12 ಫೆಬ್ರುವರಿ 2024

ಮಾನ್ಯ ಮುಖ್ಯಗುರುಗಳು ಹಾಗೂ ಶಾಲಾ ಸಮಿತಿಯವರಿಗೆ,

ಈ ಮೂಲಕ ತಿಳಿಸುವುದೇನೆಂದರೆ, ಕಳೆದ ಜುಲೈ ತಿಂಗಳಲ್ಲಿ ನಾನು ತಮ್ಮ ಶಾಲೆಗೆ ಕಳಿಸಿದ ಬೆಳ್ಳಿ ನಾಣ್ಯವು ಹರಾಜಿನ ಪುಟದ ಚಿತ್ರದಲ್ಲಿರುವ ನಾಣ್ಯವೇ ಆಗಿರುತ್ತದೆ. ಅದು ನಮ್ಮ ಮನೆತನದ ಅಸಲಿ ಹಳೆಯ ನಾಣ್ಯವಾಗಿರುತ್ತದೆ. ಕಳಿಸಿದ ನಂತರ ಆದದ್ದಕ್ಕೆ ನಾನು ಜವಾಬ್ದಾರನಲ್ಲ.

ಕಳಕಪ್ಪ ಪತ್ತಾರ

———

ಯಲಬುರ್ಗಾ
30 ಮಾರ್ಚ್ 2024

ಕಳಕಪ್ಪನವರಿಗೆ,

ನಿಮ್ಮ ಬರಹ ಸಮಿತಿಗೆ ಮುಟ್ಟಿತು. ಮುಂದೇನಾಯಿತು ಎಂದು ತಿಳಿಸುವುದು ನನ್ನ ಕರ್ತವ್ಯ.

ರಫೀಕನನ್ನು ಕೆಲಸದಿಂದ ತೆಗೆದರು. ಪೊಲೀಸರಿಗೂ ದೂರು ಹೋಯಿತು. ಮೂರು ದಿನ ಠಾಣೆಗೆ ಕರೆಸಿದರು. ಮನೆ ಶೋಧಿಸಿದರು, ಜೋಳದ ಚೀಲ ಸುರಿದು ನೋಡಿದರು, ಏನೂ ಸಿಗಲಿಲ್ಲ. ಸಿಗದಿದ್ದದ್ದೇ ತಪ್ಪಾಯಿತು, ಮಾರಿಬಿಟ್ಟಿದ್ದಾನೆ ಎಂದರು. ಹನ್ನೊಂದು ವರ್ಷ ಅವನ ಕೈಯಿಂದ ಚಹಾ ಕುಡಿದವರು ಈಗ ಅವನ ಜಾತಿ, ಕುಲದ ಮಾತು ಆಡುತ್ತಾರೆ.

ಕೊನೆಯ ದಿನ ಅವನು ಕೀಲಿಕೈಯನ್ನು ನನ್ನ ಮೇಜಿನ ಮೇಲೆ ಇಟ್ಟ. "ಅಕ್ಕಾರ, ನೀವರ ನಂಬ್ತೀರೇನ್ರಿ ನನ್ನ?" ಎಂದು ಕೇಳಿದ. ನಾನು ಹಾಜರಿ ಪುಸ್ತಕ ತೆರೆದು ಅದರಲ್ಲಿ ನೋಡುತ್ತಾ ಕುಳಿತೆ. ಅವನು ಸ್ವಲ್ಪ ಹೊತ್ತು ನಿಂತು ಹೋದ.

ಇದನ್ನು ನಿಮಗೇಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಬೇರೆ ಯಾರಿಗೂ ಹೇಳಲು ಆಗುತ್ತಿಲ್ಲ.

ರೇಣುಕಮ್ಮ

———

ಗಂಗಾವತಿ
6 ಜುಲೈ 2024

ಅಕ್ಕಾವರಿಗೆ,

ನಿಮ್ಮ ಮಾರ್ಚ್ ತಿಂಗಳ ಕಾಗದಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ. ಈ ಕಾಗದವನ್ನು ನಿಮ್ಮ ಸಮಿತಿಯವರಿಗೆ, ಪೊಲೀಸರಿಗೆ ತೋರಿಸಬಹುದು. ತೋರಿಸಲೆಂದೇ ಬರೆಯುತ್ತಿದ್ದೇನೆ.

ನಾಣ್ಯ ಬದಲಾಗಿಲ್ಲ. ಧಾರವಾಡದವರು ನೋಡಿದ್ದು ನಾವು ಕಳಿಸಿದ್ದನ್ನೇ. ಅದನ್ನು ಮಾಡಿದವನು ನಾನು. ಉಕ್ಕಿನ ಅಚ್ಚು ಕೆತ್ತಿ, ಬೆಳ್ಳಿಯ ಬಿಲ್ಲೆ ನಡುವೆ ಇಟ್ಟು, ಒಂದೇ ಏಟಿಗೆ ಒತ್ತಿದ್ದು. ಹರಾಜಿನ ಪುಟದ ಚಿತ್ರ ಬೇರೆ ಯಾರದೋ ಅಸಲಿ ನಾಣ್ಯದ್ದು. ಗೌರೀಶ ಎಲ್ಲಿಂದಲೋ ತೆಗೆದು ಹಾಕಿದ್ದ. ಹರಾಜಿನಲ್ಲಿ ನೀವು ಹಾಕಿದ ಬೆಲೆಯ ಮೇಲೆ ಬೆಲೆ ಏರಿಸುತ್ತಿದ್ದವನೂ ಅವನೇ, ತನ್ನ ಹೆಂಡತಿಯ ಫೋನಿನಿಂದ. ನನ್ನ ತಂದೆಗೆ ಏನೂ ಸಿಕ್ಕಿರಲಿಲ್ಲ. ಹನುಮನಹಳ್ಳಿಯ ಹೊಲ, ಕುಡಿಕೆ, ಅಮಾವಾಸ್ಯೆ, ಎಲ್ಲ ನಿಮ್ಮ ಕಾಗದ ಬಂದ ಮೇಲೆ ಕುಳಿತು ಕಟ್ಟಿದ್ದು.

ಇದು ಶುರುವಾದದ್ದು ಪದಕಗಳಿಂದ. ಅಂಜನಾದ್ರಿಗೆ ಬರುವವರು ಕೊಳ್ಳುವ ಹಣಮಪ್ಪನ ಪದಕಕ್ಕೆ ನಾನು ಅಚ್ಚು ಮಾಡಿಕೊಡುತ್ತಿದ್ದೆ. ಆಮೇಲೆ ಹಳೆಯ ನಾಣ್ಯದಂಥವು ಬೇಕೆಂದು ಅಂಗಡಿಯವರು ಕೇಳಿದರು. ಮಾಡಿದೆ. ನಕಲು ಎಂದು ಗೊತ್ತಾಗಲೆಂದು ಆನೆಯ ಕಾಲಿನ ಕೆಳಗೆ ಒಂದು ಚುಕ್ಕೆ ಇಡುತ್ತಿದ್ದೆ. ಗೌರೀಶ ಅವನ್ನು ಆನ್‌ಲೈನಿನಲ್ಲಿ ಹಾಕಿದ. ದೂರದ ಒಬ್ಬರು ಅಸಲಿಯೇ ಎಂದು ಕೇಳಿದರು. ಅವನು ಹೌದು ಎಂದ. ನಾನು ಕೇಳಿ ಸುಮ್ಮನಿದ್ದೆ. ಒಂದು ದಿನ ಬಂದು, "ಅಪ್ಪಾ, ಆ ಚುಕ್ಕಿ ಒಂದು ತಗದುಬಿಡು," ಎಂದ. ಅಚ್ಚನ್ನು ಇಕ್ಕಳಕ್ಕೆ ಹಿಡಿದು ಆ ಚುಕ್ಕೆ ಅಳಿಸಿದೆ. ಹತ್ತು ನಿಮಿಷದ ಕೆಲಸ. ಅಳಿಸಿದವನು ನಾನು, ಅವನಲ್ಲ.

ಫೆಬ್ರುವರಿಯಲ್ಲಿ ಸಮಿತಿಗೆ ಬರೆದಾಗ ಗೌರೀಶ ಎದುರಿಗೆ ಕುಳಿತಿದ್ದ. "ಹೌದಂತ ಬರಿ. ಇಲ್ಲಂದ್ರ ಇಬ್ರೂ ಒಳಗ ಹೋಗ್ತೀವಿ," ಎಂದ. ಮಗನಿಗಾಗಿ ಬರೆದೆ ಎಂದು ನಾನು ಹೇಳಬಹುದು. ಅದು ಅರ್ಧ ಮಾತ್ರ ನಿಜ. ಉಳಿದರ್ಧ ಹೇಳಲು ನಾಚಿಕೆಯಾಗುತ್ತದೆ. ನಿಮ್ಮ ವಿದ್ಯಾರ್ಥಿನಿ ಕಣ್ಣಿನ ರೆಪ್ಪೆ ಗುರುತಿಸಿದಳೆಂದು ಓದಿದಾಗ ನನಗೆ ಹಿಗ್ಗಾಯಿತು. ನಾಲ್ವತ್ತು ವರ್ಷದಲ್ಲಿ ನನ್ನ ಕೆಲಸವನ್ನು ಯಾರೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಐದುನೂರು ವರ್ಷದ ಹಿಂದಿನ ಕೈ ಎಂದು ಶಾಲೆಯೇ ನಂಬಿತಲ್ಲ, ಆ ಹಿಗ್ಗನ್ನು ಬಿಡಲು ಮನಸ್ಸಾಗಲಿಲ್ಲ. ಧಾರವಾಡದವರು ಕೈ ಒಳ್ಳೆಯದು ಅಂದದ್ದನ್ನು ಕೂಡ, ಆ ಕಾಗದದಲ್ಲಿ, ಎರಡು ಸಲ ಓದಿದೆ.

ಹೋದ ವಾರ ಕಾರಟಗಿಗೆ ಹೋಗಿದ್ದೆ. ಅಲ್ಲಿ ಒಂದು ರೈಸ್ ಮಿಲ್ಲಿಗೆ ಚೀಲದ ಮೇಲೆ ಹೆಸರು ಒತ್ತುವ ತಗಡು ಕತ್ತರಿಸಿ ಕೊಡುವುದಿತ್ತು. ಲಾರಿಗೆ ಅಕ್ಕಿ ತುಂಬುತ್ತಿದ್ದ ಹಮಾಲರಲ್ಲಿ ಒಬ್ಬನನ್ನು ಉಳಿದವರು "ಏ ನಾಣ್ಯದ ರಫೀಕಾ," ಎಂದು ಕೂಗಿದರು. ಅಲ್ಲಿಂದ ಹೊರಡಬಹುದಿತ್ತು, ಹೊರಡಲಿಲ್ಲ. ಬಿಡುವಿನಲ್ಲಿ ಅವನು ಚಹಾದಂಗಡಿಗೆ ಬಂದಾಗ ಪಕ್ಕದಲ್ಲಿ ಕುಳಿತು, ಆ ಹೆಸರು ಯಾಕೆ ಎಂದು ಕೇಳಿದೆ.

ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಕೇಳಿಸುವುದಿಲ್ಲವೆಂದು ಕಿವಿಯ ಹತ್ತಿರ ಬಾಯಿ ತಂದು ಎಲ್ಲ ಹೇಳಿದ. ಹನುಮನಹಳ್ಳಿಯ ಹೊಲದಿಂದ ಶುರು ಮಾಡಿದ. ನಾನು ಕಟ್ಟಿದ ಸುಳ್ಳನ್ನು ಒಂದಕ್ಷರ ತಪ್ಪಿಲ್ಲದೆ ನನಗೇ ಹೇಳಿದ. ಅಂಥ ವಸ್ತುವನ್ನು ಮಕ್ಕಳಿಗೆ ಕೊಟ್ಟ ಗಂಗಾವತಿಯ ಹಿರಿಯರ ಬಗ್ಗೆಯೂ ಹೇಳಿದ. ಆಮೇಲೆ, "ನಾ ತೊಗೊಂಡಿಲ್ರಿ ಯಜಮಾನ್ರ. ಆದ್ರ ತಪ್ಪು ನಂದೂ ಐತಿ. ಕೊಪ್ಪಳದ ಬಸ್ಸಿನ್ಯಾಗ ಪೆಟಿಗಿ ತೊಡಿ ಮ್ಯಾಲಿಟ್ಕೊಂಡು ಒಂದು ಗಳಿಗಿ ನಿದ್ದಿ ಮಾಡಿದೆ. ಆವಾಗ ಯಾರೋ ಬದಲಿ ಮಾಡ್ಯಾರ. ನಾ ಎಚ್ಚರ ಇರಬೇಕಿತ್ತು," ಎಂದ.

ಅವನು ತನ್ನನ್ನೇ ಬೈದುಕೊಳ್ಳುತ್ತಿದ್ದಾನೆ, ಅಕ್ಕಾವರೇ. ಚಹಾದ ದುಡ್ಡನ್ನೂ ಅವನೇ ಕೊಟ್ಟ. ನಾನು ಯಾರೆಂದು ತಿಳಿಸದೆ ಬಸ್ಸು ಹತ್ತಿದೆ.

ಗೌರೀಶನಿಗೆ ಈ ಕಾಗದದ ವಿಷಯ ತಿಳಿಸಿದ್ದೇನೆ. ನಿನ್ನೆ ಹೆಂಡತಿ, ಮಕ್ಕಳನ್ನು ಕರೆದುಕೊಂಡು ಕುಷ್ಟಗಿಗೆ, ಅತ್ತೆಯ ಮನೆಗೆ ಹೋದ. ಅಚ್ಚುಗಳು ನನ್ನ ಹತ್ತಿರ ಇವೆ. ಕರೆದ ದಿನ ತರುತ್ತೇನೆ.

ಕ್ಷಮೆ ಕೇಳುವ ಮುಖ ನನಗಿಲ್ಲ.

ಕಳಕಪ್ಪ ಪತ್ತಾರ

———

ಯಲಬುರ್ಗಾ
15 ಜುಲೈ 2024

ಕಳಕಪ್ಪ ಪತ್ತಾರ ಅವರಿಗೆ,

ಕಾಗದ ಮುಟ್ಟಿತು. ಸಮಿತಿಯವರ ಮುಂದೆ ಗಟ್ಟಿಯಾಗಿ ಓದಿದೆ. ನಡುವೆ ಒಂದಿಬ್ಬರು ಸಾಕು ಎಂದರು, ನಾನು ನಿಲ್ಲಿಸಲಿಲ್ಲ. ಇದೇ ಇಪ್ಪತ್ತೇಳರ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅಚ್ಚು ತೆಗೆದುಕೊಂಡು ಶಾಲೆಗೆ ಬನ್ನಿ. ಪೊಲೀಸರೂ ಇರುತ್ತಾರೆ. ರಫೀಕನಿಗೆ ಹೇಳಿ ಕಳಿಸಿದ್ದೇವೆ.

ನಿಮ್ಮ ಮೇಲೆ ಸಿಟ್ಟು ಮಾಡಬೇಕೆಂದು ಕುಳಿತೆ. ಆಗ ಕಪಾಟಿನಲ್ಲಿದ್ದ ಕಳೆದ ವರ್ಷದ ಒಂಬತ್ತನೇ ತರಗತಿಯ ವಹಿಗಳನ್ನು ತೆಗೆದೆ. ನಾಣ್ಯ ಬಂದ ದಿನ ಮಕ್ಕಳು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚುಗಳು ಅವುಗಳಲ್ಲಿದ್ದವು. ಮೂವತ್ತೆಂಟು ಆನೆಗಳು. ಒಂದರ ಬಾಲವೂ ಅಂಚಿಗೆ ತಾಗಿಲ್ಲ. ಪ್ರತಿಯೊಂದರ ಕೆಳಗೂ ನಾನೇ ಕೆಂಪು ಶಾಯಿಯಲ್ಲಿ 'ಚೆನ್ನಾಗಿದೆ' ಎಂದು ಬರೆದಿದ್ದೇನೆ.

ರಫೀಕನನ್ನು ಆರೋಪದಿಂದ ಬಿಡಿಸಲು ನಿಮ್ಮ ಕಾಗದ ಬೇಕಿರಲಿಲ್ಲ. ಜನವರಿಯಲ್ಲಿ ಎದ್ದು ಕಪಾಟು ತೆರೆದಿದ್ದರೆ ಸಾಕಿತ್ತು. ನಾಣ್ಯದ ಮೇಲೆ ನನಗೆ ಎಷ್ಟು ನಂಬಿಕೆ ಇತ್ತೆಂದರೆ, ಮನುಷ್ಯನ ಪರವಾಗಿ ಹುಡುಕಬೇಕು ಎಂದೇ ಅನ್ನಿಸಲಿಲ್ಲ. ಈ ಮಾತನ್ನೂ ಸಮಿತಿಗೆ ಹೇಳಿದ್ದೇನೆ. ಅವನಿಗೆ ಹೇಳುವುದು ಬಾಕಿ ಇದೆ.

ರೇಣುಕಮ್ಮ

———

ಕಾರಟಗಿ
18 ಸೆಪ್ಟೆಂಬರ್ 2024

ಕಳಕಪ್ಪ ಪತ್ತಾರ ಅವರಿಗೆ,

ನಾನು ರಫೀಕ. ಆ ಶನಿವಾರ ನಾನು ಕೋಣೆಯ ಹಿಂದೆ, ಬಾಗಿಲ ಹತ್ತಿರ ನಿಂತಿದ್ದೆ. ನೀವು ಮುಖ್ಯಗುರುಗಳ ಮೇಜಿನ ಮೇಲೆ ಬೆಳ್ಳಿ ಬಿಲ್ಲೆ ಇಟ್ಟು ಒಂದೇ ಏಟಿಗೆ ಆನೆ ಮಾಡಿದಿರಿ. ಅದನ್ನೂ ಪೆಟ್ಟಿಗೆಯದನ್ನೂ ಕೈಯಿಂದ ಕೈಗೆ ದಾಟಿಸಿ ನೋಡಿದರು, ಬಣ್ಣದ ಕಪ್ಪು ಬಿಟ್ಟರೆ ಎರಡರಲ್ಲಿ ಯಾರಿಗೂ ಒಂದು ಗೆರೆಯ ವ್ಯತ್ಯಾಸವೂ ಕಾಣಲಿಲ್ಲ. ನಿಮ್ಮನ್ನು ಜೀಪಿನಲ್ಲಿ ಕೂರಿಸುವಾಗ ನೀವು ನನಗೆ ಕೈ ಮುಗಿದಿರಿ. ನಾನು ತಿರುಗಿ ಮುಗಿಯಲಿಲ್ಲ. ಅದು ನಿಮ್ಮ ಗಮನಕ್ಕೆ ಬಂದಿರಬಹುದು.

ನನ್ನ ಮೇಲಿನ ದೂರು ಹೋಯಿತು. ಅಕ್ಕಾವರು ಮನೆಗೆ ಬಂದು ಬಹಳ ಹೊತ್ತು ಕುಳಿತರು, ತಪ್ಪಾಯಿತು ಎಂದು ಅತ್ತರು. ಕೆಲಸಕ್ಕೆ ಬಾ ಎನ್ನುತ್ತಾರೆ. ದಸರೆ ರಜೆಯ ನಂತರ ಹೋಗಬೇಕೆಂದಿದ್ದೇನೆ, ಇನ್ನೂ ಮನಸ್ಸು ಗಟ್ಟಿಯಾಗಿಲ್ಲ.

ನಿಮಗೆ ಬೈಯಲು ಈ ಕಾಗದ ಬರೆಯುತ್ತಿಲ್ಲ. ಚಹಾದಂಗಡಿಯಲ್ಲಿ ನಾನು ಹೇಳುವಾಗ ನಿಮಗೆ ಎಲ್ಲ ಗೊತ್ತಿತ್ತು, ಅದೊಂದು ನನಗೆ ನುಂಗಲು ಆಗುತ್ತಿಲ್ಲ. ಇರಲಿ. ನಿಮ್ಮಿಂದ ಒಂದು ಕೆಲಸ ಆಗಬೇಕು.

ನನ್ನ ತಾಯಿ ಹಜರತಬೀ. ಪೊಲೀಸರು ಮನೆ ಶೋಧಿಸಿ ಹೋದ ಮೇಲೆ, ಚೆಲ್ಲಿದ ಜೋಳವನ್ನು ಬಳಿಯುತ್ತಾ ಅವಳು ನನ್ನ ಕೈ ಹಿಡಿದುಕೊಂಡು, "ಬೇಟಾ, ಎಲ್ಲಿ ಇಟ್ಟೀ ಹೇಳು. ನಾನ ಒಯ್ದು ಕೊಟ್ಟು, ಅವರ ಕಾಲು ಹಿಡ್ಕೋತೀನಿ," ಎಂದಳು. ನಾನು ಆಣೆ ಮಾಡಿದೆ. ಆಯಿತು ಎಂದು ತಲೆ ಆಡಿಸಿದಳು. ಆದರೆ ಅಂದಿನಿಂದ ಪ್ರತಿ ಗುರುವಾರ ದರ್ಗಾಕ್ಕೆ ಹೋಗಿ, ನನ್ನ ಮಗನ ತಪ್ಪು ಹೊಟ್ಟೆಗೆ ಹಾಕಿಕೋ ಎಂದು ಬೇಡುತ್ತಾಳೆ. ಊರು ಏನೆಂದರೂ ತಡೆದುಕೊಂಡೆ, ಇದು ಬೇರೆ.

ಜುಲೈಯಲ್ಲಿ ಎಲ್ಲ ತಿಳಿದ ಮೇಲೆ ಓಡಿ ಹೋಗಿ ಅವಳಿಗೆ ಹೇಳಿದೆ. ಅವಳು ಆಕಾಶಕ್ಕೆ ಕೈ ಎತ್ತಿ, "ದೊಡ್ಡ ಮಂದಿ, ಮಾಫ್ ಮಾಡ್ಯಾರ," ಎಂದಳು. ಅಲ್ಲ ಅಮ್ಮಾ ಎಂದು ಎಷ್ಟು ಹೇಳಿದರೂ ಹಾಗೆಯೇ ತಿಳಿದುಕೊಂಡಿದ್ದಾಳೆ. ಅಕ್ಕಾವರು ಹೇಳಿದರೂ ಅವರ ಒಳ್ಳೆಯತನ ಎಂದುಕೊಂಡಳು. ಈಗಲೂ ಗುರುವಾರ ತಪ್ಪಿಸುವುದಿಲ್ಲ.

ನಾಣ್ಯ ಮಾಡಿದವರು ನೀವು. ನೀವು ಹೇಳಿದರೆ ನಂಬಿಯಾಳು. ಅವಳಿಗೆ ಒಂದು ಕಾಗದ ಬರೆಯಿರಿ. ಆರನೇ ತರಗತಿ ಓದುವ ನನ್ನ ಮಗಳು ಅಂಜುಮ ಓದಿ ಹೇಳುತ್ತಾಳೆ. ಪುಸ್ತಕದ ಕನ್ನಡ ನನ್ನ ತಾಯಿಗೆ ತಿಳಿಯುವುದಿಲ್ಲ. ಎದುರಿಗೆ ಕುಳಿತು ಮಾತಾಡಿದ ಹಾಗೆ ಬರೆಯಿರಿ.

ದುಡ್ಡು ಏನೂ ಕಳಿಸಬೇಡಿ.

ರಫೀಕ

———

ಗಂಗಾವತಿ
25 ಸೆಪ್ಟೆಂಬರ್ 2024

ಹಜರತಬೀ ಅವ್ವಾರಿಗೆ, ಗಂಗಾವತಿ ಕಳಕಪ್ಪ ಪತ್ತಾರ ಮಾಡೂ ಶರಣು.

ಅವ್ವಾ ಅಂಜುಮ, ನೀ ಓದಾಕತ್ತೀಯಂತ ನಿಮ್ಮಪ್ಪ ಬರದಾನ. ಸಾವಕಾಶ ಓದವಾ. ಗಡಿಬಿಡಿ ಮಾಡಬ್ಯಾಡ.

ಅವ್ವಾರ, ನಾ ಅಚ್ಚು ಕೆತ್ತಾವ. ನಿಮ್ಮ ಮಗ ಕದ್ದಾನ ಅಂದ್ರಲ್ಲ, ಆ ನಾಣ್ಯ ಮಾಡಿದಾವ ನಾನ. ಹೊಸಾದು ಮಾಡಿ, ಹಳೇದಂತ ಹೇಳಿ, ನಾನೂ ನನ್ನ ಮಗನೂ ಸಾಲಿಗೆ ಮಾರಿದ್ವಿ. ಅದು ಖೊಟ್ಟಿ ಅಂತ ಗೊತ್ತಾದ ಮ್ಯಾಲೆ, ರಫೀಕ ಅಸಲಿ ತೊಗೊಂಡು ಖೊಟ್ಟಿ ಇಟ್ಟಾನ ಅಂತ ಮಂದಿ ತಿಳ್ಕೊಂಡ್ರು. ಖರೇ ಏನಂತ ನನ್ನ ಕೇಳಿದ್ರು. ನಾ ಕಳಿಸಿದ್ದು ಅಸಲೀನ ಅಂತ ಬರದು ಸಹಿ ಮಾಡಿದೆ. ನಿಮ್ಮ ಮಗನ ಅನ್ನ ಹೋಗಿದ್ದು ಆ ಸಹಿಯಿಂದ್ರಿ.

ಈಗ ನನ್ನ ಮ್ಯಾಲೂ ನನ್ನ ಮಗನ ಮ್ಯಾಲೂ ಕೇಸ್ ಆಗೈತಿ. ಜಾಮೀನು ಸಿಕ್ಕೈತಿ, ತಾರೀಖಿಗೊಮ್ಮೆ ಕೋರ್ಟಿಗೆ ಹೋಗಿ ನಿಂದರ್ತೀವಿ. ಅಚ್ಚು, ಸುತ್ತಿಗಿ ಎಲ್ಲಾ ಪೊಲೀಸ್ರು ಒಯ್ದಾರ. ಮಗ ನನ್ನ ಕೂಡ ಮಾತಾಡೂದಿಲ್ಲ. ಅದು ನನ್ನ ಪಾಲಿಂದು. ನಿಮ್ಮ ಮುಂದ ಅತ್ತು ಕರುಣಾ ಬೇಡಾಕ ಇದನ್ನ ಹೇಳವಲ್ಲೆ. ತಪ್ಪು ಯಾರದಂತ ಸರಕಾರಕ್ಕೂ ಗೊತ್ತಾಗೈತಿ ಅಂತ ನಿಮಗ ತಿಳೀಲಿ ಅಂತ ಹೇಳಿದೆ.

ಸಾಲಿ ಮಂದಿ ದೊಡ್ಡ ಮನಸು ಮಾಡಿ ಮಾಫ್ ಮಾಡ್ಯಾರ ಅಂತ ನೀವು ತಿಳ್ಕೊಂಡೀರಂತ. ರಫೀಕಗ ಯಾರೂ ಮಾಫ್ ಮಾಡಿಲ್ರಿ. ಮಾಫ್ ಮಾಡೂವಂಥಾದ್ದು ಅವ ಏನೂ ಮಾಡಿಲ್ಲ. ಅಂಜುಮ, ಈ ಮಾತು ಇನ್ನೊಮ್ಮೆ ಓದವಾ.

ಎಲ್ಲಿ ಇಟ್ಟೀ ಅಂತ ನೀವು ಅವನ್ನ ಕೇಳಿದ್ರಿ. ತಾಯಿ ಕೇಳೂದು ತಪ್ಪಲ್ರಿ. ಆದ್ರ ಅವ್ವಾರ, ಆ ಅಸಲಿ ನಾಣ್ಯ ಅನ್ನೂದು ನಮ್ಮ ಕಡೆ ಇದ್ದಿದ್ದಿಲ್ಲ, ಸಾಲ್ಯಾಗೂ ಇದ್ದಿದ್ದಿಲ್ಲ. ಇಲ್ಲದ್ದನ್ನ ನಿಮ್ಮ ಮಗ ಎಲ್ಲಿಂದ ತಂದು ನಿಮ್ಮ ಕೈಯಾಗ ಇಡಬೇಕಿತ್ತು?

ಕಳಕಪ್ಪ ಪತ್ತಾರ,
ನಾಣ್ಯ ಮಾಡಿದಾವ